ಪಿಸಿವಿ: ಒಂದೇ ನೊಗಕ್ಕೆ ಕಟ್ಟಿದ ಲಸಿಕೆ

ಅಕ್ಕನ ಮಗುವಿಗೆ ಜುಲೈನಲ್ಲಿ ಶೀತ ಹಿಡಿಯಿತು. ಸಕಲೇಶಪುರದ ಮಳೆ ಗೊತ್ತಲ್ಲ, ಬಟ್ಟೆ ಒಣಗಬೇಕಾದರೂ ಒಲೆ ಪಕ್ಕವೇ ಗತಿ. "ನಿಮೋನಿಯಾ ಸೂಜಿ ಹಾಕಿಸಿದ್ರಲ್ಲ, ಮತ್ಯಾಕೆ ಮೂಗು ಸೋರುತ್ತೆ?" ಅಂತ ಅಜ್ಜಿಯ ತಗಾದೆ. ತಾಯಿ ಕಾರ್ಡ್ ತೆಗೆದು ನೋಡಿದೆ. ಅಲ್ಲಿದ್ದದ್ದು ಪಿಸಿವಿ ಅನ್ನುವ ಮೂರಕ್ಷರ ಅಷ್ಟೇ. ಅಜ್ಜಿಯ ಪ್ರಶ್ನೆಗೆ ಉತ್ತರವೂ ಅದರೊಳಗೇ ಇದೆ.

ಬಿಡಿಸಿದರೆ ನ್ಯುಮೋಕಾಕಲ್ ಕಾಂಜುಗೇಟ್ ವ್ಯಾಕ್ಸಿನ್. ವ್ಯಾಕ್ಸಿನ್ ಅಂದರೆ ಲಸಿಕೆ, ಅದು ಎಲ್ಲರಿಗೂ ಗೊತ್ತು. ನ್ಯುಮೋ ಬಂದದ್ದು ಶ್ವಾಸಕೋಶ ಅನ್ನುವ ಅರ್ಥದ ಗ್ರೀಕ್ ಪದದಿಂದ. ಕಾಕಸ್ ಕೂಡ ಗ್ರೀಕ್ ಮೂಲದ್ದೇ, ಅರ್ಥ ಕಾಳು ಅಥವಾ ಸಣ್ಣ ಹಣ್ಣು. ನಮ್ಮ ಕಡೆಯವರಿಗೆ ಇಲ್ಲಿ ಕಾಫಿ ಹಣ್ಣು ನೆನಪಾದರೆ ತಪ್ಪೇನಿಲ್ಲ. ಹಣ್ಣು ಹಿಚುಕಿದರೆ ಎರಡು ಬೀಜ, ಸುತ್ತ ಲೋಳೆ, ಅಲ್ವಾ? ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಮೈಕ್ರೋಸ್ಕೋಪಿನಲ್ಲಿ ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ: ಜೋಡಿ ಕಾಳು, ಸುತ್ತ ಸಕ್ಕರೆ ಜಾತಿಯ ಲೋಳೆಯ ಕವಚ. 1881ರಲ್ಲೇ ಇದನ್ನು ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್ ಬೇರೆಬೇರೆಯಾಗಿ ಕಂಡುಹಿಡಿದಿದ್ದರು.

ಈ ಲೋಳೆಯೇ ಎಲ್ಲ ತಾಪತ್ರಯದ ಮೂಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದಿಂದ ಆಗಷ್ಟೇ ಬಿದ್ದ ಬೀಜವನ್ನು ಮುಷ್ಟಿಯಲ್ಲಿ ಹಿಡಿಯಲು ನೋಡಿದವರಿಗೆ ಗೊತ್ತು, ಪುಳಕ್ ಅಂತ ಜಾರಿಹೋಗುತ್ತದೆ. ರೋಗಾಣು ನುಂಗುವ ನಮ್ಮ ಬಿಳಿ ರಕ್ತಕಣಗಳ ಪಾಡೂ ಅದೇ. ಈ ಬ್ಯಾಕ್ಟೀರಿಯಾ ಎಷ್ಟೋ ಮಕ್ಕಳ ಮೂಗು ಗಂಟಲಲ್ಲಿ ಸುಮ್ನೆ ಕೂತಿರುತ್ತದೆ, ಏನೂ ಮಾಡುವುದಿಲ್ಲ. ಆದರೆ ಒಂದು ಫ್ಲೂ ಬಂದು ಮೈ ಸೋತಾಗ ಕೆಳಗಿಳಿದು ಶ್ವಾಸಕೋಶ ಸೇರಬಹುದು, ಕೆಲವೊಮ್ಮೆ ರಕ್ತಕ್ಕೂ, ಮಿದುಳಿನ ಪೊರೆಗೂ ಹೋಗುತ್ತದೆ. ಲೋಳೆಯ ಸಕ್ಕರೆ ಬದಲಾದಂತೆ ಇದರಲ್ಲಿ ಸುಮಾರು 100 ಬಗೆಗಳಿವೆ.

ಹಾಗಾದರೆ ಆ ಲೋಳೆಯನ್ನೇ ತೆಗೆದು ದೇಹಕ್ಕೆ ಮೊದಲೇ ಪರಿಚಯ ಮಾಡಿಸಿದರೆ ಆಯಿತಲ್ಲ? ದೊಡ್ಡವರಿಗೆ ಆಯಿತು. 23 ಬಗೆಯ ಲೋಳೆ ಇರುವ ಲಸಿಕೆ 1983ರಿಂದಲೇ ಇದೆ. ಆದರೆ ಎರಡು ವರ್ಷದೊಳಗಿನ ಮಗುವಿನ ದೇಹ ಬರೀ ಸಕ್ಕರೆ ತೋರಿಸಿದರೆ ಸರಿಯಾಗಿ ಪಾಠ ಕಲಿಯುವುದಿಲ್ಲ. ಈ ಕಾಯಿಲೆಯ ಕಾಟ ಜಾಸ್ತಿ ಇರುವುದು ಆ ವಯಸ್ಸಿನಲ್ಲೇ.

ಕಾಂಜುಗೇಟ್ ಅನ್ನುವ ಪದ ಬರುವುದು ಇಲ್ಲಿ. ನನಗೆ ಮೂರರಲ್ಲಿ ಇಷ್ಟವಾದ ಪದವೂ ಇದೇ. ಇದರೊಳಗೆ ಲ್ಯಾಟಿನ್‌ನ ನೊಗ ಇದೆ. ಕಾಂಜುಗೇಟ್ ಅಂದರೆ ಒಟ್ಟಿಗೆ ನೊಗಕ್ಕೆ ಹೂಡಿದ್ದು. ಹಾಸನದ ಬಯಲು ಸೀಮೆ, ಚನ್ನರಾಯಪಟ್ಟಣದ ಕಡೆ, ಎಳೆ ಹೋರಿಗೆ ಉಳುಮೆ ಕಲಿಸಬೇಕಾದರೆ ಪಳಗಿದ ಎತ್ತಿನ ಜೊತೆ ಹೂಡುತ್ತಾರೆ. ಲಸಿಕೆಯಲ್ಲೂ ಅದೇ ಉಪಾಯ. ಸಕ್ಕರೆಯನ್ನು ಒಂದು ಪ್ರೋಟೀನಿಗೆ ಕಟ್ಟುತ್ತಾರೆ. ಹೆಚ್ಚಾಗಿ ಬಳಸುವ ಪ್ರೋಟೀನ್ ಯಾವುದು ಗೊತ್ತಾ? ಗಂಟಲುಮಾರಿ ರೋಗಾಣುವಿನ ವಿಷದ ಹಲ್ಲು ಕಿತ್ತ ರೂಪ. ಅಪಾಯ ಇಲ್ಲ, ಆದರೆ ಮಗುವಿನ ದೇಹ ಅದನ್ನು ನೋಡಿದ ಕೂಡಲೇ ಎಚ್ಚರಾಗುತ್ತದೆ, ಜೊತೆಗೆ ಕಟ್ಟಿದ ಸಕ್ಕರೆಯನ್ನೂ ನೆನಪಿಟ್ಟುಕೊಳ್ಳುತ್ತದೆ.

ಇಂಥ ಮೊದಲ ನ್ಯುಮೋಕಾಕಲ್ ಲಸಿಕೆ ಅಮೆರಿಕದಲ್ಲಿ ಬಂದದ್ದು 2000ದಲ್ಲಿ, ಅದರಲ್ಲಿ 7 ಬಗೆ ಇದ್ದವು. ನಮ್ಮ ದೇಶದ ಸರ್ಕಾರಿ ಪಟ್ಟಿಗೆ 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಸೇರಿ, 2021ರಲ್ಲಿ ಇಡೀ ದೇಶಕ್ಕೆ ಬಂತು. ಅದಕ್ಕೂ ಮುಂಚೆ ಖಾಸಗಿಯಲ್ಲಿ ಸಾವಿರಗಟ್ಟಲೆ ಕೊಡಬೇಕಿತ್ತು. ತೋಟದ ಕೂಲಿಯವರ ಲೈನ್ ಮನೆಯ ಮಗುವಿಗೆ ಯಾರು ಕೊಡಿಸುತ್ತಿದ್ದರು ಹೇಳಿ. ಈಗ ಆರು ವಾರಕ್ಕೆ, 14 ವಾರಕ್ಕೆ, ಆಮೇಲೆ ಒಂಬತ್ತು ತಿಂಗಳಿಗೆ ಬೂಸ್ಟರ್, ಮೂರೂ ಉಚಿತ.

ಈಗ ಅಜ್ಜಿಯ ತಗಾದೆ. ಶೀತ ತರುವುದು ವೈರಸ್, ಪಿಸಿವಿಗೂ ಅದಕ್ಕೂ ಸಂಬಂಧ ಇಲ್ಲ. ನಿಮೋನಿಯಾ ಕೂಡ ಒಂದೇ ರೋಗಾಣುವಿನಿಂದ ಬರುವುದಿಲ್ಲ. ಹಿಬ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಪೆಂಟಾ ಸೂಜಿಯಲ್ಲಿ ರಕ್ಷಣೆ ಇದೆ, ದಡಾರದ ಬೆನ್ನಿಗೆ ಬರುವ ನಿಮೋನಿಯಾಕ್ಕೆ ಎಂಆರ್ ಲಸಿಕೆ ಇದೆ, ಕೆಲವಕ್ಕೆ ಯಾವ ಲಸಿಕೆಯೂ ಇಲ್ಲ. ಪಿಸಿವಿ ತಡೆಯುವುದು ನ್ಯುಮೋಕಾಕಸ್‌ನ ಮುಖ್ಯ ಬಗೆಗಳನ್ನು ಮಾತ್ರ. ಹಾಗಾಗಿ ಮೂರೂ ಡೋಸ್ ಆಗಿದ್ದರೂ ಮಗು ಮಲಗಿದ್ದಾಗ ಅಂಗಿ ಎತ್ತಿ ಉಸಿರು ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದವರಿಗೆ 40 ಮುಟ್ಟಿದರೆ, ಅಥವಾ ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ, ಕಷಾಯ ಕಾಯಿಸುತ್ತಾ ಕೂರಬೇಡಿ, ಗಾಡಿ ಹತ್ತಿಸಿ.

ಅಜ್ಜಿಗೂ ಇದರಲ್ಲಿ ಲಾಭ ಇದೆ. ಲಸಿಕೆ ಆದ ಮಕ್ಕಳ ಮೂಗಿನಲ್ಲಿ ಆ ಬಗೆಯ ರೋಗಾಣು ಕಡಿಮೆಯಾಗುವುದರಿಂದ ಅವರನ್ನು ಎತ್ತಿ ಮುದ್ದಾಡುವ ಹಿರಿಯರಿಗೂ ಅಂಟುವುದು ಕಡಿಮೆ. ಸಕ್ಕರೆ ಕಾಯಿಲೆ, ದಮ್ಮು ಇರುವ ಹಿರಿಯರಿಗೆ ಬೇರೆಯೇ ಲಸಿಕೆ ಲೆಕ್ಕ ಇದೆ, ಅದನ್ನು ಡಾಕ್ಟರ್ ಹತ್ತಿರ ಕೇಳಬೇಕು.

ಆರು ವಾರದ ಡೋಸ್ ತಪ್ಪಿಹೋಗಿದ್ದರೆ ಗಾಬರಿ ಬೇಡ. ಮೊದಲ ಡೋಸನ್ನು ಮಗುವಿಗೆ ಒಂದು ವರ್ಷ ತುಂಬುವ ತನಕ ಶುರು ಮಾಡಬಹುದು. ಕಾರ್ಡ್ ಹಿಡಿದು ಆಶಾ ಕಾರ್ಯಕರ್ತೆಯ ಹತ್ತಿರ ಹೋದರೆ ಮುಂದಿನ ತಾರೀಕು ಬರೆದುಕೊಡುತ್ತಾರೆ.