ಎಂಎಸ್‌ನಲ್ಲಿ ಹಾಳಾಗೋದು ಮೈಲಿನ್ ಒಂದೇನಾ?

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದ್ರೆ ಎಂಎಸ್ ಅನ್ನೋ ಮೆದುಳು-ಬೆನ್ನುಹುರಿಯ ಕಾಯಿಲೆ ಬಗ್ಗೆ ಯಾರನ್ನ ಕೇಳಿದ್ರೂ ಮೊದಲು ಬರೋದು ಕರೆಂಟ್ ವೈರ್ ಉದಾಹರಣೆ. ನರತಂತು ಒಳಗಿನ ತಾಮ್ರ, ಅದನ್ನ ಸುತ್ತಿರೋ ಕೊಬ್ಬಿನ ಹೊದಿಕೆ ಮೈಲಿನ್ ಮೇಲಿನ ಪ್ಲಾಸ್ಟಿಕ್, ನಮ್ಮದೇ ಇಮ್ಯೂನ್ ಸಿಸ್ಟಮ್ ಆ ಪ್ಲಾಸ್ಟಿಕ್ ಕಿತ್ತು ಹಾಕುತ್ತೆ ಅಂತ. ಅರ್ಥ ಆಗೋಕೇನೋ ಸುಲಭ, ಆದ್ರೆ ತಾಮ್ರಕ್ಕೆ ಏನೂ ಆಗಲ್ಲ ಅನ್ನೋ ಭಾವನೆನೂ ಜೊತೆಗೇ ಬಂದ್ಬಿಡುತ್ತೆ.

1868ರಲ್ಲಿ ಪ್ಯಾರಿಸ್‌ನ ನರರೋಗ ವೈದ್ಯ ಶಾರ್ಕೋ ಈ ಕಾಯಿಲೆನ ವಿವರಿಸಿದಾಗ ಮೈಲಿನ್ ಹೋಗಿರುತ್ತೆ, ತಂತು ಬಹುಮಟ್ಟಿಗೆ ಉಳಿದಿರುತ್ತೆ ಅಂದ್ರು. ತಂತುಗಳೂ ಹಾಳಾಗ್ತವೆ ಅಂತ ಹಿಂದೇನೇ ಬರೆದವರಿದ್ರು, ಅದ್ಯಾಕೋ ಪಠ್ಯದಲ್ಲಿ ಗಟ್ಟಿಯಾಗಿ ಕೂತಿದ್ದು ಮೊದಲನೇ ಮಾತೇ. 1921ರಲ್ಲಿ ಸ್ಪೇನ್‌ನ ವಿಜ್ಞಾನಿ ರಿಯೋ ಒರ್ಟೆಗಾ ಮೈಲಿನ್ ಮಾಡೋ ಕೋಶನ ಗುರುತಿಸಿದ್ರು, 80ರ ದಶಕದಲ್ಲಿ ಎಂಆರ್‌ಐ ಬಂತು, 1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾ ಅನ್ನೋ ಎಂಎಸ್ ಮದ್ದಿಗೆ ಒಪ್ಪಿಗೆ ಸಿಕ್ತು.

ಕಥೆ ತಿರುಗಿದ್ದು 1998ರಲ್ಲಿ. ಅಮೆರಿಕದ ವಿಜ್ಞಾನಿ ಬ್ರೂಸ್ ಟ್ರ್ಯಾಪ್ ಮತ್ತವರ ತಂಡ ತೀರಿಹೋದ 11 ಎಂಎಸ್ ರೋಗಿಗಳ ಮೆದುಳನ್ನ ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡಿದ್ರೆ, ತಂತುಗಳು ಅರ್ಧಕ್ಕೇ ತುಂಡಾಗಿ ತುದಿ ಮೊಟ್ಟೆ ಥರ ಊದಿಕೊಂಡಿದ್ವು, ಒಳಗೆ ಸಾಗಿ ಬರ್ತಿದ್ದ ಸಾಮಾನೆಲ್ಲ ಮುಂದೆ ದಾರಿ ಇಲ್ದೆ ಅಲ್ಲೇ ಗುಡ್ಡೆ ಬಿದ್ದಿತ್ತು. ಎಣಿಸಿದಾಗ ಉರಿಯೂತ ಜೋರಾಗಿದ್ದ ಜಾಗದಲ್ಲಿ ಒಂದು ಘನ ಮಿಲಿಮೀಟರಿಗೆ, ಹೆಚ್ಚುಕಮ್ಮಿ ಒಂದು ರಾಗಿ ಕಾಳಿನಷ್ಟು ಜಾಗಕ್ಕೆ, 11,000ಕ್ಕೂ ಹೆಚ್ಚು ತುಂಡು ತಂತುಗಳು! ಕಾಯಿಲೆ ಇಲ್ಲದವರ ಮೆದುಳಲ್ಲಿ ಅಷ್ಟೇ ಜಾಗದಲ್ಲಿ ಒಂದು ಸಿಗೋದೂ ಕಷ್ಟ. ಅದೂ ಕಾಯಿಲೆ ಶುರುವಾಗಿ ಹೆಚ್ಚು ದಿನ ಆಗದವರಲ್ಲೂ ಇದೇ ಕಂಡಿತ್ತು.

ಇದು ಯಾಕೆ ಅಷ್ಟು ಮುಖ್ಯ ಅಂದ್ರೆ, ಎಂಎಸ್ ದಾಳಿ ಬಂದು ಕಣ್ಣು ಮಂಜಾಗುತ್ತೆ, ಕಾಲು ಜೋಮು ಹಿಡಿಯುತ್ತೆ, ಕೆಲವು ವಾರದಲ್ಲಿ ಸರಿನೂ ಹೋಗುತ್ತೆ, ಊತ ಇಳಿದಿರುತ್ತೆ, ಮೆದುಳು ಬೇರೆ ದಾರಿ ಹುಡುಕಿಕೊಂಡಿರುತ್ತೆ. ಮನೆಯವರೂ ವಾಸಿಯಾಯ್ತು ಅಂದ್ಕೋತಾರೆ. ಸತ್ತ ತಂತು ಮಾತ್ರ ಎದ್ದು ಬರಲ್ಲ. ಈಗ ಚೆನ್ನಾಗಿದೀರಲ್ಲ, ಮದ್ದು ಆಮೇಲೆ ನೋಡೋಣ ಅಂತ ಕಳೆದುಹೋದ ವರ್ಷಗಳನ್ನ ನೆನೆದ್ರೆ ನಂಗೆ ಸಂಕಟ ಆಗುತ್ತೆ.

ವೈರ್ ಹೋಲಿಕೆ ಸಾಲದು ಅಂತ 2012ರಲ್ಲಿ ಇನ್ನೂ ಸ್ಪಷ್ಟ ಆಯ್ತು, ಮೈಲಿನ್ ಮಾಡೋ ಕೋಶಗಳು ತಂತುಗೆ ಶಕ್ತಿ ಕೊಡೋ ಲ್ಯಾಕ್ಟೇಟ್ ಅನ್ನೋ ಪದಾರ್ಥ ಕೊಟ್ಟು ಸಾಕ್ತವೆ ಅಂತ ವಿಜ್ಞಾನಿಗಳು ಇಲಿಗಳಲ್ಲಿ ಕಂಡ್ರು. ಪ್ಲಾಸ್ಟಿಕ್ ಯಾವತ್ತಾದ್ರೂ ತಾಮ್ರಕ್ಕೆ ಊಟ ಹಾಕುತ್ತಾ? 2023ರಲ್ಲಿ ಇಲಿಗಳಲ್ಲೇ, ಮೈಲಿನ್ ಕೆಟ್ರೆ ಮರೆವಿನ ಕಾಯಿಲೆ ಆಲ್‌ಜೈಮರ್ಸ್‌ನಲ್ಲಿ ಕಾಣೋ ಅಮೈಲಾಯ್ಡ್ ಅನ್ನೋ ಪ್ರೋಟೀನ್ ಜಾಸ್ತಿ ಶೇಖರ ಆಗುತ್ತೆ ಅಂತಾನೂ ಗೊತ್ತಾಯ್ತು.

ಈಗಿನ ಮದ್ದುಗಳು ಹೊಸ ದಾಳಿ ಕಮ್ಮಿ ಮಾಡ್ತವೆ. ಹೋದ ಮೈಲಿನ್ ಮತ್ತೆ ಬೆಳೆಸಬಹುದಾ ಅಂತ ಕ್ಲೆಮಾಸ್ಟಿನ್ ಅನ್ನೋ ಹಳೇ ಅಲರ್ಜಿ ಮಾತ್ರೆನ 50 ಎಂಎಸ್ ರೋಗಿಗಳ ಮೇಲೆ ಪರೀಕ್ಷಿಸಿದ್ರ ಫಲಿತಾಂಶ 2017ರಲ್ಲಿ ಬಂದಾಗ ಕಣ್ಣಿನ ನರದಲ್ಲಿ ಸಂದೇಶ ಸ್ವಲ್ಪ ಬೇಗ ಸಾಗಿದ್ದು ಕಂಡಿತ್ತು. ಆದ್ರೆ ಮೈಲಿನ್ ಮತ್ತೆ ಬಂದ್ರೂ ಉಪಯೋಗ ಜೀವ ಇರೋ ತಂತುಗೆ ಮಾತ್ರ.