ಬೆಣ್ಣೆ ಕರಗುವ ಹೊತ್ತು

ಕಾಸರಗೋಡಿನ ಏಪ್ರಿಲ್ ಮಧ್ಯಾಹ್ನ ಬೆಣ್ಣೆಯನ್ನು ಹೊರಗಿಟ್ಟು ನೋಡಿ. ಹತ್ತು ನಿಮಿಷಕ್ಕೆ ಅಂಚು ಹೊಳೆಯುತ್ತದೆ. ಅರ್ಧ ಗಂಟೆಗೆ ತಟ್ಟೆಯಲ್ಲಿ ಹಳದಿ ಮಡು ನಿಂತಿರುತ್ತದೆ. ಬದಿಯಡ್ಕದ ನಮ್ಮ ಅಡುಗೆಮನೆ 33 ಡಿಗ್ರಿ ಇದ್ದ ಅಂಥದ್ದೇ ಒಂದು ದಿನ ನಾನು ಮೊದಲ ಸಲ ಆಪಲ್ ಪೈ ಮಾಡಲು ಹೊರಟೆ. ಅಕ್ಕನ ಮಗಳಿಗೆ ಪರೀಕ್ಷೆ ಮುಗಿದಿತ್ತು. ಬಿಸಿ ಪೈ ಜೊತೆ ಐಸ್ ಕ್ರೀಮ್ ಬೇಕು ಎಂದು ಅವಳ ಹಟ.

ಒಳಗಿನ ಸೇಬು ಚೆನ್ನಾಗಿಯೇ ಬೆಂದಿತ್ತು. ಹೊರಗಿನ ಹಿಟ್ಟು ಮಾತ್ರ ಮೇಲೆ ಹಲಗೆಯ ಹಾಗೆ ಗಟ್ಟಿ, ಕೆಳಗೆ ಹಸಿ ಹಸಿ. ದೊಡ್ಡಮ್ಮ ಒಂದು ತುಂಡು ಮುರಿದು, ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರು. "ಹಿಟ್ಟು ಜಿಡ್ಡನ್ನು ಕುಡಿದುಬಿಟ್ಟಿದೆ ಮಗಾ. ಚಿರೋಟಿಗೆ ಸಾಟಿ ನೀರಾದರೆ ಹೀಗೇ ಆಗುವುದು, ಪದರ ಬಿಡುವುದಿಲ್ಲ" ಅಂದರು. ಓವನ್ ಅನ್ನು ಒಂದು ದಿನವೂ ಮುಟ್ಟದವರು ಅವರು. ಆದರೆ ಪೈ ಹಿಟ್ಟಿನ ವಿಜ್ಞಾನ ಪೂರ್ತಿ ಆ ಮಾತಿನಲ್ಲಿದೆ.

ಚಿರೋಟಿ ಮಾಡುವವರಿಗೆ ಇದು ಗೊತ್ತು. ತೆಳ್ಳಗೆ ಲಟ್ಟಿಸಿದ ಹಾಳೆಗಳ ಮಧ್ಯೆ ತುಪ್ಪ ಮತ್ತು ಅಕ್ಕಿಹಿಟ್ಟು ಕಲಸಿದ ಸಾಟಿ ಹಚ್ಚುತ್ತೇವೆ. ಒಂದು ಹಾಳೆ ಇನ್ನೊಂದಕ್ಕೆ ಅಂಟದ ಹಾಗೆ ಸಾಟಿ ಮಧ್ಯೆ ನಿಲ್ಲಬೇಕು. ಪೈ ಹಿಟ್ಟಿನಲ್ಲಿ ಆ ಕೆಲಸ ಬೆಣ್ಣೆಯದ್ದು. ಬಟಾಣಿ ಗಾತ್ರದ, ಅವಲಕ್ಕಿ ಗಾತ್ರದ ಬೆಣ್ಣೆ ಚೂರುಗಳು ಹಿಟ್ಟಿನೊಳಗೆ ಹಾಗೇ ಗಟ್ಟಿಯಾಗಿ ಉಳಿಯಬೇಕು. ಲಟ್ಟಿಸಿದಾಗ ಅವು ಚಪ್ಪಟೆಯಾಗಿ ಹಿಟ್ಟಿನ ಪದರಗಳ ಮಧ್ಯೆ ಹಾಸಿಕೊಳ್ಳುತ್ತವೆ. ಓವನ್‌ನ ಬಿಸಿಗೆ ಬೆಣ್ಣೆ ಕರಗಿದಾಗ ಅದು ಇದ್ದ ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗವೇ ಪದರ.

ಇಲ್ಲಿ ಬೆಣ್ಣೆಗೂ ತುಪ್ಪಕ್ಕೂ ದೊಡ್ಡ ವ್ಯತ್ಯಾಸ ಇದೆ. ತುಪ್ಪದಲ್ಲಿ ನೀರು ಇಲ್ಲ ಎಂದರೂ ಆದೀತು. ಅಂಗಡಿಯ ಬೆಣ್ಣೆಯಲ್ಲಿ ಸುಮಾರು 80 ಭಾಗ ಕೊಬ್ಬು, 16 ಭಾಗದ ತನಕ ನೀರು. ಒಂದು ಪೈಗೆ 150 ಗ್ರಾಂ ಬೆಣ್ಣೆ ಹಾಕಿದರೆ ಅದರಲ್ಲಿ ಸುಮಾರು 24 ಗ್ರಾಂ ನೀರು ಅಡಗಿರುತ್ತದೆ. ಒಂದು ಗ್ರಾಂ ನೀರು ಹಬೆಯಾದರೆ ಸುಮಾರು 1.7 ಲೀಟರ್ ಜಾಗ ಬೇಕು. ಲೆಕ್ಕ ಹಾಕಿ, 40 ಲೀಟರ್ ಹಬೆ! ಹೆಚ್ಚಿನದ್ದು ತಪ್ಪಿಸಿಕೊಂಡು ಹೋಗುತ್ತದೆ, ನಿಜ. ಆದರೆ ಹೋಗುವ ಮೊದಲು ಪದರಗಳನ್ನು ಒಂದರಿಂದ ಒಂದು ಎತ್ತಿಬಿಡುತ್ತದೆ.

ಹಾಗಾದರೆ ನನ್ನ ಮೊದಲ ಪೈ ಕೆಟ್ಟದ್ದು ಯಾಕೆ? ಬೆಣ್ಣೆ ಓವನ್‌ನಲ್ಲಿ ಕರಗುವ ಬದಲು ನನ್ನ ಕೈಯಲ್ಲೇ ಕರಗಿತು. ಎಣ್ಣೆಯಾದ ಕೊಬ್ಬನ್ನು ಹಿಟ್ಟು ಹೀರಿತು. ಎತ್ತುವುದಕ್ಕೆ ಪದರವೇ ಉಳಿಯಲಿಲ್ಲ.

ತೆಂಗಿನೆಣ್ಣೆಯನ್ನು ನೋಡಿ ಬೆಳೆದ ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಮಕರ ತಿಂಗಳ ಚಳಿಗೆ ಬೆಳಿಗ್ಗೆ ಕುಪ್ಪಿಯಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿಯಾಗುತ್ತದೆ, ಬಿಸಿಲೇರಿದ ಹಾಗೆ ನೀರಾಗುತ್ತದೆ. ಅದರ ಗಡಿ ಸುಮಾರು 24-25 ಡಿಗ್ರಿ. ತೆಂಗಿನೆಣ್ಣೆಯ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ ಎಂಬ ಒಂದೇ ಕೊಬ್ಬಿನಾಮ್ಲ. ಅದಕ್ಕೇ ಕರಗುವುದೂ ಹೆಪ್ಪುಗಟ್ಟುವುದೂ ಥಟ್ಟನೆ. ಹಾಲಿನ ಕೊಬ್ಬು ಹಾಗಲ್ಲ. ಅದರಲ್ಲಿ ನೂರಾರು ಬಗೆಯ ಕೊಬ್ಬಿನಾಮ್ಲಗಳಿವೆ, ಒಂದೊಂದೂ ಒಂದೊಂದು ಉಷ್ಣತೆಗೆ ಕರಗುತ್ತದೆ. ಹಾಗಾಗಿ ಬೆಣ್ಣೆ ಫ್ರಿಜ್ಜಿನಲ್ಲಿ ಕಲ್ಲು, 18-20 ಡಿಗ್ರಿಯಲ್ಲಿ ಮೆದು, 32-35 ಡಿಗ್ರಿಗೆ ಪೂರ್ತಿ ನೀರು. ನಮ್ಮ ಬೇಸಿಗೆಯ ಅಡುಗೆಮನೆ ಸರಿಯಾಗಿ ಆ ಕೊನೆಯ ಮೆಟ್ಟಿಲಲ್ಲಿ ಇರುತ್ತದೆ.

ಮೈದಾದ ಕಥೆ ಇನ್ನೊಂದು. ಮೈದಾಕ್ಕೆ ನೀರು ಬಿದ್ದು ನಾದಿದರೆ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳು ಸೇರಿ ಗ್ಲುಟೆನ್ ಎಂಬ ರಬ್ಬರಿನಂಥ ಬಲೆ ಹೆಣೆಯುತ್ತವೆ. ಇದನ್ನು ಕಣ್ಣಾರೆ ನೋಡಬೇಕಾದರೆ ಕಾಸರಗೋಡು ಪೇಟೆಯ ಯಾವುದಾದರೂ ಹೋಟೆಲಿನ ಮುಂದೆ ಸಂಜೆ ನಿಲ್ಲಿ. ಪೊರೋಟ ಹೊಡೆಯುವವರು ಹಿಟ್ಟನ್ನು ಗಾಳಿಯಲ್ಲಿ ಬೀಸಿ ಬೀಸಿ, ಆಚೆ ಬದಿ ಕಾಣುವಷ್ಟು ತೆಳ್ಳಗೆ ಎಳೆಯುತ್ತಾರೆ, ಹರಿಯುವುದೇ ಇಲ್ಲ. ಅದು ಚೆನ್ನಾಗಿ ನಾದಿ ನೆನೆಸಿದ ಗ್ಲುಟೆನ್‌ನ ಶಕ್ತಿ. ಪೈಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ನೀರು ಕಡಿಮೆ, ನಾದುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಿಟ್ಟಿನ ಕಣಗಳಿಗೆ ಜಿಡ್ಡು ಹತ್ತಿದರೆ ನೀರು ಒಳಗೆ ಹೋಗುವುದಿಲ್ಲ, ಬಲೆಯೂ ಬೆಳೆಯುವುದಿಲ್ಲ. ಶಂಕರಪೋಳಿ ಗರಿಗರಿಯಾಗಲು ಮೈದಾಕ್ಕೆ ಕಾಯಿಸಿದ ತುಪ್ಪ ಹಾಕಿ ತಿಕ್ಕುತ್ತೇವಲ್ಲ, ಕಾರಣ ಅದೇ. ಪೈಯಲ್ಲಿ ಸ್ವಲ್ಪ ಬೆಣ್ಣೆ ಶಂಕರಪೋಳಿಯ ಕೆಲಸ ಮಾಡಬೇಕು, ಉಳಿದದ್ದು ಚಿರೋಟಿಯ ಕೆಲಸ.

ಎರಡನೇ ಸಲ ಮಾಡಿದ್ದು ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ. ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದೆ. ಅಡುಗೆಮನೆ 26 ಡಿಗ್ರಿ. 250 ಗ್ರಾಂ ಮೈದಾ, ಅದರ ಪಾತ್ರೆ, ಲಟ್ಟಣಿಗೆ ಎಲ್ಲವೂ ಹಿಂದಿನ ರಾತ್ರಿಯೇ ಫ್ರಿಜ್ಜಿಗೆ ಹೋಗಿದ್ದವು. ಬೆಣ್ಣೆ ಫ್ರೀಜರಿನಲ್ಲಿ. ಕಲ್ಲಿನಂಥ ಬೆಣ್ಣೆಯನ್ನು ಕ್ಯಾರೆಟ್ ತುರಿಯುವ ಮಣೆಯಲ್ಲಿ ತುರಿದೆ. ಮೈದಾದ ಮೇಲೆ ಬಿದ್ದ ಸುರುಳಿಗಳು ನೋಡಲು ತೆಂಗಿನ ತುರಿಯ ಹಾಗೆ. ಅಂಗೈ ತಾಗಿಸದೆ ಬೆರಳ ತುದಿಯಿಂದಲೇ ಬೆರೆಸಿದೆ, ಯಾಕೆಂದರೆ ಅಂಗೈ ಹೆಚ್ಚು ಬಿಸಿ. ಐಸ್ ನೀರನ್ನು ಚಮಚ ಚಮಚವಾಗಿ ಚಿಮುಕಿಸಿದೆ. ಮಳೆಗಾಲದ ಮೈದಾ ಗಾಳಿಯ ತೇವವನ್ನು ಮೊದಲೇ ಎಳೆದುಕೊಂಡಿರುತ್ತದೆ, ಹಾಗಾಗಿ ನೀರು ಕಡಿಮೆ ಸಾಕು. ನಾಲ್ಕು ದೊಡ್ಡ ಚಮಚಕ್ಕೆ ಹಿಟ್ಟು ಮುಷ್ಟಿಯಲ್ಲಿ ನಿಂತಿತು. ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ಲಟ್ಟಿಸಿದಾಗ ಹಾಳೆಯ ತುಂಬ ಹಳದಿ ಮಚ್ಚೆಗಳು ಕಂಡವು. ಆ ಮಚ್ಚೆಗಳನ್ನು ಕಂಡು ನನಗಾದ ಸಂತೋಷ ಹೇಳತೀರದು. ಬೆಣ್ಣೆ ಇನ್ನೂ ಬೆಣ್ಣೆಯಾಗಿಯೇ ಇತ್ತು!

ಇನ್ನು ಸೇಬು. ಇದು ಚಳಿಯ ಹಣ್ಣು. ಮಧ್ಯ ಏಷ್ಯಾದ ಟಿಯಾನ್ ಶಾನ್ ಬೆಟ್ಟಗಳ ಕಾಡು ಸೇಬು ಇದರ ಮೂಲ. ಹೆಚ್ಚಿನ ತಳಿಗಳು ಚಳಿಗಾಲದಲ್ಲಿ ಸುಮಾರು ಸಾವಿರ ಗಂಟೆ 7 ಡಿಗ್ರಿಗಿಂತ ಕೆಳಗಿನ ತಂಪು ಸಿಗದಿದ್ದರೆ ಸರಿಯಾಗಿ ಹೂ ಬಿಡುವುದಿಲ್ಲ. ಅಮೆರಿಕದಿಂದ ಬಂದು ಹಿಮಾಚಲದ ಕೋಟ್‌ಗಢದಲ್ಲಿ ನೆಲೆಸಿದ ಸತ್ಯಾನಂದ ಸ್ಟೋಕ್ಸ್ ಅಲ್ಲಿ ಕೆಂಪು ಡೆಲಿಷಿಯಸ್ ಸೇಬನ್ನು ನೆಟ್ಟದ್ದು 1916ರಲ್ಲಿ. ಅದೇ 1916ರಲ್ಲಿ ಇಲ್ಲಿ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾಯಿತು, ಅದೇ ಇವತ್ತಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ. ಅಲ್ಲಿಯ ಚಳಿಗೆ ಸೇಬು, ಇಲ್ಲಿಯ ಸೆಖೆಗೆ ತೆಂಗು. ಈ ಎರಡು ಇಸವಿ ಒಂದೇ ಆದದ್ದು ನನಗೆ ಯಾಕೋ ಬಹಳ ಇಷ್ಟ.

ಪೈಗೆ ಮಾತ್ರ ಕೆಂಪು ಡೆಲಿಷಿಯಸ್ ಅಷ್ಟು ಒಳ್ಳೆಯದಲ್ಲ. ಹುಳಿ ಕಡಿಮೆ, ಬೆಂದರೆ ಬೇಗ ಹಿಟ್ಟಾಗುತ್ತದೆ. ಜೂನ್‌ನಲ್ಲಿ ಅಂಗಡಿಗೆ ಬರುವುದು ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜಿನಲ್ಲಿದ್ದ ಹಣ್ಣು, ಅದು ಇನ್ನೂ ಮೆದು. ಹಸಿರು ಗ್ರ್ಯಾನಿ ಸ್ಮಿತ್ ಸಿಕ್ಕಿದರೆ ಅದನ್ನೇ ತನ್ನಿ, ಬೆಲೆ ಜಾಸ್ತಿಯಾದರೂ ಸರಿ. ಸೇಬಿನ ಕೋಶಗಳನ್ನು ಅಂಟಿಸಿ ಹಿಡಿಯುವುದು ಪೆಕ್ಟಿನ್. ಹುಳಿ ಇದ್ದರೆ ಪೆಕ್ಟಿನ್ ಬೇಗ ಬಿಡುವುದಿಲ್ಲ, ಹೋಳು ಹೋಳಾಗಿಯೇ ಉಳಿಯುತ್ತದೆ. ನಾನು ಒಂದು ಕಿಲೋ ಸೇಬಿಗೆ ಒಂದು ಲಿಂಬೆ ಹಿಂಡುತ್ತೇನೆ. ಹೆಚ್ಚಿದ ಬಾಳೆಕಾಯಿ ಕಪ್ಪಾಗುತ್ತದಲ್ಲ, ಸೇಬು ಕಂದಾಗುವುದೂ ಅದೇ ಬಗೆಯ ಕಿಣ್ವದಿಂದ. ಲಿಂಬೆಹುಳಿ ಆ ಕಿಣ್ವವನ್ನೂ ತಡೆಯುತ್ತದೆ.

ಸೇಬನ್ನು ನೀರಿಗೆ ಹಾಕಿದರೆ ತೇಲುತ್ತದೆ, ಅದರ ಗಾತ್ರದ ಸುಮಾರು ಕಾಲು ಭಾಗ ಬರೀ ಗಾಳಿ. ಬೆಂದಾಗ ಗಾಳಿ ಹೋಗಿ ಸೇಬು ಕುಸಿಯುತ್ತದೆ, ಮೇಲಿನ ಹಿಟ್ಟು ಮಾತ್ರ ಗುಮ್ಮಟದ ಹಾಗೆ ನಿಂತು ಮಧ್ಯೆ ಪೊಳ್ಳಾಗುತ್ತದೆ. ಇದಕ್ಕೆ ಮದ್ದು ನಮ್ಮ ಭರಣಿಯಲ್ಲಿದೆ. ಮಾವಿನ ಮಿಡಿಗೆ ಉಪ್ಪು ಹಾಕಿಟ್ಟರೆ ನೀರು ಬಿಟ್ಟು ಮಿಡಿ ಸುಕ್ಕಾಗುತ್ತದೆ ಅಲ್ವಾ? ಸೇಬಿನ ಹೋಳುಗಳಿಗೆ ಸಕ್ಕರೆ ಬೆರೆಸಿ ಒಂದು ಗಂಟೆ ಇಟ್ಟರೂ ಅಷ್ಟೇ. ಬಿಟ್ಟ ರಸವನ್ನು ಬೇರೆ ಕುದಿಸಿ ಪಾಕ ಮಾಡಿ, ದಾಲ್ಚಿನ್ನಿ ಪುಡಿ ಮತ್ತು ಒಂದೂವರೆ ಚಮಚ ಕೂವೆಹಿಟ್ಟು ಸೇರಿಸಿ ಹೋಳುಗಳಿಗೆ ಮತ್ತೆ ಬೆರೆಸುತ್ತೇನೆ. ಮಕ್ಕಳ ಹೊಟ್ಟೆ ಕೆಟ್ಟಾಗ ಗಂಜಿ ಕಾಸುವ ಅದೇ ಕೂವೆಹಿಟ್ಟು. ಅದು ಕಟ್ಟಿದ ರಸ ಕನ್ನಡಿಯ ಹಾಗೆ ತಿಳಿಯಾಗಿರುತ್ತದೆ. ಹಿಟ್ಟಿನೊಳಗೆ ತುಂಬುವ ಮೊದಲು ಎಲ್ಲ ಪೂರ್ತಿ ತಣ್ಣಗಾಗಲೇಬೇಕು. ಇಲ್ಲದಿದ್ದರೆ ಬೆಣ್ಣೆ ಅಲ್ಲೇ ಕರಗಿತು ಅಂತ ಲೆಕ್ಕ.

ಓಟಿಜಿಯನ್ನು, ಅಂದರೆ ಮನೆಬಳಕೆಯ ಸಣ್ಣ ಕರೆಂಟ್ ಓವನ್ ಅನ್ನು, ಮೊದಲೇ 220 ಡಿಗ್ರಿಗೆ ಕಾಯಿಸಿ, ಅಲ್ಯೂಮಿನಿಯಂ ತಟ್ಟೆಯನ್ನು ಕೆಳಗಿನ ಕಂಬಿಯ ಮೇಲಿಡಿ. ಮೊದಲ 20 ನಿಮಿಷ ಈ ಜೋರು ಬಿಸಿ ಯಾಕೆಂದರೆ, ಬೆಣ್ಣೆ ಹರಿದು ಹೋಗುವ ಮೊದಲೇ ಹಬೆ ಏಳಬೇಕು, ಎದ್ದ ಪದರ ಎದ್ದಲ್ಲೇ ಗಟ್ಟಿಯಾಗಬೇಕು. ಆಮೇಲೆ 180ಕ್ಕೆ ಇಳಿಸಿ ಇನ್ನು 35-40 ನಿಮಿಷ. ಮೇಲ್ಮೈ ಒಣಗಿ 140 ಡಿಗ್ರಿ ದಾಟುವ ಹೊತ್ತಿಗೆ ಬಣ್ಣ ಬರುತ್ತದೆ, ಪರಿಮಳ ಏಳುತ್ತದೆ. ಸಕ್ಕರೆಯೂ ಪ್ರೋಟೀನಿನ ಅಮೈನೋ ಆಮ್ಲಗಳೂ ಸೇರಿ ನಡೆಸುವ ಈ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ 1912ರಲ್ಲಿ ವಿವರಿಸಿದರು. ಬೆಣ್ಣೆ ಕಾಯಿಸಿ ತುಪ್ಪ ಮಾಡುವಾಗ ತಳದ ಗಸಿ ಕೆಂಪಾಗುತ್ತ ಬರುವ ಪರಿಮಳ ಕೂಡ ಇದೇ ಕ್ರಿಯೆಯದ್ದು.

ಈಗ ಒಂದು ಕಷ್ಟ. ಐಸ್ ಕ್ರೀಮ್ ಜೊತೆ ತಿನ್ನಲು ಪೈ ಬಿಸಿ ಇರಬೇಕು. ಆದರೆ ಬಿಸಿ ಪೈ ಕೊಯ್ದರೆ ರಸವೆಲ್ಲ ಹರಿದು ತಟ್ಟೆ ಸೇರುತ್ತದೆ, ಪಿಷ್ಟ ರಸವನ್ನು ಹಿಡಿದುಕೊಳ್ಳುವುದು ತಣಿಯುತ್ತ ಬಂದಾಗಲೇ. ಮೂರು ಗಂಟೆ ಸುಮ್ನೆ ಬಿಟ್ಟು, ಕೊಯ್ದು, ತುಂಡುಗಳನ್ನು ಮತ್ತೆ ಹತ್ತು ನಿಮಿಷ ಓವನ್‌ನಲ್ಲಿ ಬಿಸಿ ಮಾಡಿ. ಮಕ್ಕಳನ್ನು ಅಷ್ಟು ಹೊತ್ತು ತಡೆಯುವುದು ಸುಲಭವಲ್ಲ, ಆದರೆ ಬೇರೆ ದಾರಿ ಇಲ್ಲ.

ಐಸ್ ಕ್ರೀಮ್ ಕೂಡ ಹಾಲಿನ ಕೊಬ್ಬಿನದ್ದೇ ಆಟ. ಡಬ್ಬಿಯ ಮೇಲೆ ಏನು ಬರೆದಿದೆ ಓದಿ. ಫ್ರೋಜನ್ ಡೆಸರ್ಟ್ ಎಂದಿದ್ದರೆ ಅದರಲ್ಲಿರುವುದು ಸಾಮಾನ್ಯವಾಗಿ ಸಸ್ಯದ ಕೊಬ್ಬು. ಐಸ್ ಕ್ರೀಮಿನ ಗಾತ್ರದಲ್ಲಿ ಅರ್ಧದ ತನಕ ಗಾಳಿ ಇರಬಹುದು, ಜೊತೆಗೆ ಕೊಬ್ಬಿನ ಹನಿ, ಸಣ್ಣ ಮಂಜುಗಡ್ಡೆ ಹರಳು, ಇವುಗಳ ಮಧ್ಯೆ ಹೆಪ್ಪುಗಟ್ಟದ ಸಕ್ಕರೆ ನೀರು. ಬಿಸಿ ಪೈ ಮೇಲಿಟ್ಟರೂ ಅದು ತಕ್ಷಣ ನೀರಾಗುವುದಿಲ್ಲ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಬೇಕಾದ ಶಾಖದಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿ ತನಕ ಕಾಯಿಸಬಹುದು. ಆ ತಡದಿಂದಲೇ ಒಂದು ಚಮಚದಲ್ಲಿ ಬಿಸಿಯೂ ತಂಪೂ ಒಟ್ಟಿಗೆ ಬಾಯಿಗೆ ಬರುತ್ತವೆ.

ಬಾಯಲ್ಲಿ ಇವೆರಡನ್ನೂ ಗುರುತಿಸಲು ಬೇರೆ ಬೇರೆ ಗ್ರಾಹಕಗಳು, ಅಂದರೆ ನರಗಳ ತುದಿಯ ಪ್ರೋಟೀನುಗಳು, ಇವೆ. ಸುಡುವ ಬಿಸಿಯನ್ನು ಹೇಳುವುದು ಟಿಆರ್‌ಪಿವಿ1, ಗಾಂಧಾರಿ ಮೆಣಸಿನ ಖಾರಕ್ಕೆ ಉರಿಯುವುದೂ ಅದೇ. ತಂಪನ್ನು ಹೇಳುವುದು ಟಿಆರ್‌ಪಿಎಂ8, ಪುದೀನದ ಮೆಂಥಾಲಿಗೂ ಅದು ತಂಪೆಂದೇ ಹೇಳುತ್ತದೆ. ಇಂಥ ಗ್ರಾಹಕಗಳನ್ನು ಕಂಡುಹಿಡಿದದ್ದಕ್ಕೆ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಂತು. ಸಿಹಿಯ ರುಚಿ ತಂಪಿನಲ್ಲಿ ಮಂಕಾಗುತ್ತದೆ. ಕರಗಿ ನೀರಾದ ಐಸ್ ಕ್ರೀಮನ್ನು ಕುಡಿದು ನೋಡಿ, ಅಷ್ಟು ಸಕ್ಕರೆ ಇತ್ತಾ ಅನಿಸುತ್ತದೆ. ಅದಕ್ಕೇ ಜೊತೆಗಿರುವ ಪೈ ಹುಳಿಯಾಗಿದ್ದರೆ ಒಳ್ಳೆಯದು.

ಜಗಲಿಯಲ್ಲಿ ಕೂತು ತಿಂದೆವು. ಮಳೆ ಹೊಯ್ಯುತ್ತಿತ್ತು. ದೊಡ್ಡಮ್ಮ ಐಸ್ ಕ್ರೀಮನ್ನು ಪೈ ಮೇಲೆ ಹಾಕಿಸಿಕೊಳ್ಳದೆ ಪಕ್ಕಕ್ಕೆ ಹಾಕಿಸಿಕೊಂಡರು. ಚಮಚ ಒತ್ತಿದಾಗ ಪದರ ಒಡೆದ ಸದ್ದು ಕೇಳಿತು. ಅವರು ಮೊದಲು ನೋಡಿದ್ದು ಒಡೆದ ಅಂಚನ್ನು. "ಈಗ ಸಾಟಿ ಸರಿಯಾಗಿದೆ" ಅಂದರು.

ಉಳಿದ ಎರಡು ತುಂಡು ಮರುದಿನ ಬೆಳಿಗ್ಗೆ ಮೆತ್ತಗಾಗಿದ್ದವು. ಆಟಿ ತಿಂಗಳ ಮಳೆಯಲ್ಲಿ ಡಬ್ಬಿ ತೆರೆದಿಟ್ಟ ಹಪ್ಪಳ ಮೆತ್ತಗಾಗುವ ಹಾಗೆಯೇ, ಒಣ ಹಿಟ್ಟು ಗಾಳಿಯ ನೀರನ್ನು ಎಳೆದುಕೊಂಡಿತ್ತು. ಓಟಿಜಿಯಲ್ಲಿ 180 ಡಿಗ್ರಿಗೆ ಹತ್ತು ನಿಮಿಷ ಇಟ್ಟೆ. ನೀರು ಹೋಯಿತು, ಮತ್ತೆ ಗರಿಗರಿ. ಡಬ್ಬಿಯ ತಳದಲ್ಲಿ ಇನ್ನೂ ನಾಲ್ಕು ಚಮಚ ಐಸ್ ಕ್ರೀಮ್ ಇತ್ತು.