ಶಾಸ್ತ್ರಿಯವರ ಆಸ್ತಿ: ಫಿಯಟ್ ಕಾರಿನಾಚೆ ಓದಬೇಕಾದದ್ದು

ಪರೀಕ್ಷೆಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಬಗ್ಗೆ ಪ್ರಶ್ನೆ ಬಂದರೆ ನಮ್ಮಲ್ಲಿ ಹೆಚ್ಚಿನವರು ‘ಜೈ ಜವಾನ್ ಜೈ ಕಿಸಾನ್’ ಬರೆಯುತ್ತೇವೆ, ಸಾಲ ಮಾಡಿ ಕೊಂಡ ಫಿಯಟ್ ಕಾರನ್ನು ಸೇರಿಸುತ್ತೇವೆ, ‘ಸರಳಜೀವಿ’ ಎಂದು ಮುಗಿಸುತ್ತೇವೆ. ಅಷ್ಟಕ್ಕೇ ನಿಲ್ಲಿಸಿದರೆ ಆ ಮನುಷ್ಯನಿಗೆ ಅನ್ಯಾಯ. ಅಧಿಕಾರಸ್ಥರ ಆಸ್ತಿಯನ್ನು ಲೆಕ್ಕಕ್ಕೆ ತರುವ ಕೆಲಸಕ್ಕೆ ಅವರ ಕಾಲದಲ್ಲಿ ಬಿದ್ದ ಅಡಿಪಾಯವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಈ ಟಿಪ್ಪಣಿಯಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಬದುಕು. 1904ರ ಅಕ್ಟೋಬರ್ 2ರಂದು ಮೊಘಲ್‌ಸರಾಯ್‌ನಲ್ಲಿ ಜನನ. ತಂದೆ ಶಾರದಾ ಪ್ರಸಾದ್ ಶಾಲಾ ಶಿಕ್ಷಕರಾಗಿದ್ದು, ನಂತರ ಗುಮಾಸ್ತರಾದವರು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ತಾಯಿ ರಾಮ್‌ದುಲಾರಿ ದೇವಿ ಮಕ್ಕಳೊಂದಿಗೆ ತವರು ಸೇರಿದರು. ಪಿತ್ರಾರ್ಜಿತ ಎನ್ನುವಂಥ ಆಸ್ತಿ ಇರಲಿಲ್ಲ. ಕಾಶಿ ವಿದ್ಯಾಪೀಠ 1925ರಲ್ಲಿ ಕೊಟ್ಟ ‘ಶಾಸ್ತ್ರಿ’ ಪದವಿ ಹೆಸರಿನೊಂದಿಗೇ ಉಳಿಯಿತು. ಅದು ಮನೆತನದ ಹೆಸರಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ. ಲಾಲಾ ಲಜಪತ್ ರಾಯ್ ಸ್ಥಾಪಿಸಿದ್ದ ಲೋಕ ಸೇವಕ ಮಂಡಲದ ಆಜೀವ ಸದಸ್ಯರಾಗಿ, ಅದು ಕೊಡುತ್ತಿದ್ದ ಸಣ್ಣ ಮಾಸಿಕ ಭತ್ಯೆಯಲ್ಲಿ ಸಂಸಾರ ನಡೆಸಿದರು. 1928ರಲ್ಲಿ ಲಲಿತಾ ದೇವಿಯವರನ್ನು ಮದುವೆಯಾದಾಗ ಅವರು ಒಪ್ಪಿಕೊಂಡ ಉಡುಗೊರೆ ಒಂದು ಚರಕ ಮತ್ತು ಕೆಲವು ಗಜ ಖಾದಿ. ಆಮೇಲಿನ ವರ್ಷಗಳಲ್ಲಿ ಮತ್ತೆ ಮತ್ತೆ ಜೈಲುವಾಸ.

ಅಧಿಕಾರದ ಹಾದಿಯನ್ನು ಇಸವಿಗಳ ಮೂಲಕ ಬೇಗ ದಾಟೋಣ. 1947ರಲ್ಲಿ ಸಂಯುಕ್ತ ಪ್ರಾಂತ್ಯದ (ಇಂದಿನ ಉತ್ತರ ಪ್ರದೇಶ) ಗೋವಿಂದ ವಲ್ಲಭ ಪಂತರ ಸಂಪುಟದಲ್ಲಿ ಪೊಲೀಸ್ ಮತ್ತು ಸಾರಿಗೆ ಸಚಿವ, 1952ರಲ್ಲಿ ಕೇಂದ್ರ ರೈಲ್ವೆ ಸಚಿವ, 1961ರಲ್ಲಿ ಗೃಹ ಸಚಿವ, 1964ರ ಜೂನ್ 9ರಂದು ಪ್ರಧಾನಿ. ರೈಲ್ವೆ ರಾಜೀನಾಮೆಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ಎರಡು ಅಪಘಾತಗಳು ಇಲ್ಲಿ ಕಲಸಿಹೋಗುತ್ತವೆ. 1956ರ ಸೆಪ್ಟೆಂಬರ್‌ನಲ್ಲಿ ಮೆಹಬೂಬ್‌ನಗರದ ಬಳಿ ಸೇತುವೆ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತಾಗ ಅವರು ಕೊಟ್ಟ ರಾಜೀನಾಮೆಯನ್ನು ನೆಹರೂ ಒಪ್ಪಲಿಲ್ಲ. ನವೆಂಬರ್‌ನಲ್ಲಿ ತಮಿಳುನಾಡಿನ ಅರಿಯಲೂರು ಬಳಿ ಮತ್ತೆ ಅಷ್ಟೇ ಭೀಕರ ದುರಂತ ನಡೆಯಿತು. ಈ ಬಾರಿ ಅವರು ಪಟ್ಟು ಬಿಡಲಿಲ್ಲ, ನೆಹರೂ ಒಪ್ಪಿದರು.

1963ರಲ್ಲಿ ಕಾಮರಾಜ್ ಯೋಜನೆಯಂತೆ (ಹಿರಿಯ ನಾಯಕರು ಅಧಿಕಾರ ಬಿಟ್ಟು ಪಕ್ಷದ ಕೆಲಸಕ್ಕೆ ಮರಳಬೇಕೆಂಬ ಕಾಂಗ್ರೆಸ್ ಯೋಜನೆ) ಮಂತ್ರಿಗಿರಿ ಬಿಟ್ಟಾಗ ಮನೆ ಖರ್ಚು ತೂಗಿಸುವುದೇ ಕಷ್ಟವಾಯಿತು. ಕೈಯಲ್ಲಿ ಸಂಸದರ ವೇತನ ಮಾತ್ರ. ಪತ್ರಿಕೆಗಳಿಗೆ ಲೇಖನ ಬರೆದು ಆದಾಯ ಸೇರಿಸಿಕೊಂಡರೆಂದು ಅವರ ಮಾಧ್ಯಮ ಅಧಿಕಾರಿಯಾಗಿದ್ದ ಕುಲದೀಪ್ ನಯ್ಯರ್ ನೆನಪಿಸಿಕೊಂಡಿದ್ದಾರೆ. ದೇಶದ ಗೃಹ ಸಚಿವರಾಗಿದ್ದವರ ಮನೆಯ ಸ್ಥಿತಿ ಅದು! ಮರುವರ್ಷ ಖಾತೆ ರಹಿತ ಸಚಿವರಾಗಿ ಮರಳಿದರು. ಆ ಅವಧಿಯಲ್ಲೇ, 1964ರ ಮೇ 22ರಂದು, ಆಲಮಟ್ಟಿ ಅಣೆಕಟ್ಟಿಗೆ ಶಂಕುಸ್ಥಾಪನೆ ಮಾಡಿದ್ದು. ಆ ಜಲಾಶಯಕ್ಕೆ ಇಂದು ಅವರದೇ ಹೆಸರಿದೆ.

ಇನ್ನು ಕಾರು. ಪ್ರಧಾನಿಯಾದ ಮೇಲೆ ಮನೆಯವರ ಒತ್ತಾಯಕ್ಕೆ ಕೊಂಡದ್ದು. ಬೆಲೆ 12,000 ರೂಪಾಯಿ, ಬ್ಯಾಂಕಿನಲ್ಲಿ ಇದ್ದದ್ದು 7,000. ಉಳಿದ 5,000ಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ ಪಡೆದರು ಎಂದು ಅವರ ಮಗ ಅನಿಲ್ ಶಾಸ್ತ್ರಿ ಹೇಳಿದ್ದಾರೆ. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ಶಾಸ್ತ್ರಿಯವರು ತೀರಿಕೊಂಡಾಗ ಸಾಲ ತೀರಿರಲಿಲ್ಲ. ಲಲಿತಾ ದೇವಿಯವರು ತಮ್ಮ ಪಿಂಚಣಿಯಿಂದ ಕಟ್ಟಿದರು. ದೆಹಲಿಯ ಸ್ಮಾರಕದಲ್ಲಿ ಆ ಕಾರು ಈಗಲೂ ಇದೆ.

ಇಲ್ಲಿ ಒಂದು ಪ್ರಶ್ನೆ ಹಾಕಿಕೊಳ್ಳಬೇಕು. ಅವರ ಬಳಿ ಏನಿತ್ತು, ಏನಿರಲಿಲ್ಲ ಎಂಬುದು ನಮಗೆ ತಿಳಿದದ್ದು ಹೇಗೆ? ಬಹುಪಾಲು ಕುಟುಂಬದವರ, ಜೊತೆಗಿದ್ದವರ ನೆನಪುಗಳಿಂದ. ಅಂದು ಅಭ್ಯರ್ಥಿ ಆಸ್ತಿ ಘೋಷಿಸಬೇಕೆಂಬ ಕಾನೂನೇ ಇರಲಿಲ್ಲ. ಒಳ್ಳೆಯವರ ಒಳ್ಳೆಯತನವೂ ಕೆಟ್ಟವರ ಗಳಿಕೆಯೂ ಜನರ ಬಾಯಿಮಾತಿನಲ್ಲಿ ಮಾತ್ರ ಉಳಿಯುವ ಕಾಲವದು.

ಆ ಸ್ಥಿತಿ ಸಾಲದು ಎಂಬ ಅರಿವು ಅವರಿಗಿತ್ತು ಎನ್ನುವುದು ನನ್ನ ಓದು. ಅವರು ಗೃಹ ಸಚಿವರಾಗಿದ್ದಾಗಲೇ ಭ್ರಷ್ಟಾಚಾರ ತಡೆಗೆ ಕೆ. ಸಂತಾನಂ ಸಮಿತಿ ನೇಮಕವಾಯಿತು. 1963ರ ಏಪ್ರಿಲ್‌ನಲ್ಲಿ ಸಿಬಿಐ ಹುಟ್ಟಿತು. ಸಮಿತಿಯ ಶಿಫಾರಸಿನಿಂದ 1964ರಲ್ಲಿ ಸರ್ಕಾರಿ ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಕೇಂದ್ರ ಜಾಗೃತ ಆಯೋಗ ಬಂತು. ಅವರು ಪ್ರಧಾನಿಯಾದ ಕೆಲವೇ ದಿನಗಳಲ್ಲಿ ಪಂಜಾಬಿನ ಮುಖ್ಯಮಂತ್ರಿ ಪ್ರತಾಪ್ ಸಿಂಗ್ ಕೈರೋನ್ ರಾಜೀನಾಮೆ ಕೊಡಬೇಕಾಯಿತು. ಮಕ್ಕಳು, ಬಂಧುಗಳು ಆಸ್ತಿ ಮಾಡಿಕೊಂಡ ಆರೋಪದ ಬಗ್ಗೆ ನ್ಯಾಯಮೂರ್ತಿ ಎಸ್.ಆರ್. ದಾಸ್ ಆಯೋಗದ ವರದಿ ಬಂದಿತ್ತು; ಕೈರೋನ್ ಆಳುವ ಪಕ್ಷದ ಘಟಾನುಘಟಿ ಎಂಬುದನ್ನು ಮರೆಯಬೇಡಿ. ಅದೇ ವರ್ಷ ಸಚಿವರ ನೀತಿ ಸಂಹಿತೆ ಜಾರಿಗೆ ಬಂತು: ಸಚಿವರು ತಮ್ಮ ಮತ್ತು ಕುಟುಂಬದ ಆಸ್ತಿ, ಸಾಲ, ವ್ಯಾಪಾರ ಹಿತಾಸಕ್ತಿಗಳ ವಿವರವನ್ನು ಪ್ರಧಾನಿಗೆ ಕೊಡಬೇಕು, ವ್ಯಾಪಾರದ ಆಡಳಿತದಿಂದ ದೂರ ಸರಿಯಬೇಕು. ಇದರಲ್ಲಿ ಗೃಹ ಸಚಿವ ಗುಲ್ಜಾರಿಲಾಲ್ ನಂದಾ ಅವರ ಪಾಲು ದೊಡ್ಡದು. ಉತ್ತರದಲ್ಲಿ ಅವರ ಹೆಸರು ಬಿಡಬೇಡಿ.

ಸಂಹಿತೆಯ ಕೊರತೆ ಎದ್ದು ಕಾಣುತ್ತದೆ. ವಿವರ ಹೋಗುತ್ತಿದ್ದುದು ಪ್ರಧಾನಿಗೆ, ಮತದಾರನಿಗಲ್ಲ. ಕಾನೂನಿನ ಬಲವೂ ಇರಲಿಲ್ಲ. ಮತದಾರನ ಕೈಗೆ ಆ ವಿವರ ಬರಲು 2002ರ ಮೇ ತಿಂಗಳಿನ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಕಾಯಬೇಕಾಯಿತು. ಅದನ್ನು ದುರ್ಬಲಗೊಳಿಸಲು ಸಂಸತ್ತು ಜನಪ್ರತಿನಿಧಿ ಕಾಯ್ದೆಗೆ ಸೇರಿಸಿದ 33ಬಿ ಸೆಕ್ಷನ್ ಅನ್ನು 2003ರಲ್ಲಿ ನ್ಯಾಯಾಲಯ ರದ್ದುಪಡಿಸಿತು. ಈಗ ನಾಮಪತ್ರದೊಂದಿಗೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಅಭ್ಯರ್ಥಿ, ಸಂಗಾತಿ, ಅವಲಂಬಿತರ ಚರ ಮತ್ತು ಸ್ಥಿರ ಆಸ್ತಿ, ಸಾಲ, ಆದಾಯದ ಮೂಲ ಎಲ್ಲವೂ ಬರಬೇಕು. ಸುಳ್ಳು ಹೇಳಿದರೆ 125ಎ ಸೆಕ್ಷನ್‌ನಂತೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ, ಇಲ್ಲವೇ ಎರಡೂ. ಒಬ್ಬನೇ ನಾಯಕನ ಎರಡು ಚುನಾವಣೆಗಳ ಪ್ರಮಾಣಪತ್ರಗಳನ್ನು ಚುನಾವಣಾ ಆಯೋಗದ ಜಾಲತಾಣದಿಂದ ತೆಗೆದು ಅಕ್ಕಪಕ್ಕ ಇಟ್ಟು ಓದಿ. ಒಟ್ಟು ಮೊತ್ತ ನೋಡಿ ಬೆರಗಾಗುವ ಮೊದಲು ಭೂಮಿಯ ಮಾರುಕಟ್ಟೆ ಬೆಲೆ ಏರಿದ್ದರಿಂದ ಎಷ್ಟು ಹೆಚ್ಚಾಗಿದೆ, ಹೊಸದಾಗಿ ಕೊಂಡದ್ದೆಷ್ಟು ಎಂದು ಬೇರ್ಪಡಿಸಿ. ಆಮೇಲೆ ಘೋಷಿತ ಆದಾಯದಿಂದ ಆ ಖರೀದಿ ಸಾಧ್ಯವಿತ್ತೇ ಎಂದು ಕೂಡಿ ಕಳೆದು ನೋಡಿ.